ಬಣ್ಣದ ಪೆಟ್ಟಿಗೆ: ಸುಲಿಯೋ ಮುಖಕ್ಕೆ ಸುಮ್ಮನಿರೋದೇ ಮೊದಲ ಮದ್ದು!

ಈ ವಾರ 'ಬಣ್ಣದ ಪೆಟ್ಟಿಗೆ'ಗೆ ಬಂದ ಕಾಗದಗಳನ್ನು ಬಿಚ್ಚಿ ಕೂತರೆ ಎಲ್ಲರದ್ದೂ ಒಂದೇ ರಾಗ, ಒಂದೇ ತಾಳ! "ಅಣ್ಣಾ, ಕೆನ್ನೆ ಸಿಪ್ಪೆ ಸಿಪ್ಪೆಯಾಗಿ ಏಳ್ತಿದೆ." "ಸಾರ್, ಮೂಗಿನ ಪಕ್ಕ ಹೊಟ್ಟು ಉದುರುತ್ತೆ." "ಶೇವ್ ಮಾಡಿಕೊಂಡರೆ ಮೆಣಸಿನಪುಡಿ ಎರಚಿದ ಹಾಗೆ ಉರಿ." ಹಾಸನದ ಕಡೆಯ ಒಬ್ಬ ತಮ್ಮನಂತೂ ನೇರವಾಗಿ ಕೇಳಿಬಿಟ್ಟಿದ್ದಾನೆ: "ಫೈಟಿಂಗ್ ಸೀನಿನಲ್ಲಿ ಮಣ್ಣಲ್ಲಿ ಉರುಳಾಡಿದರೂ ಹೀರೋ ಮುಖ ಫಳಫಳ ಅಂತಿರುತ್ತೆ. ನಾನು ಒಂದು ಗಂಟೆ ಬಸ್ಸಿನ ಕಿಟಕಿ ಪಕ್ಕ ಕೂತು ಬಂದರೆ ನನ್ನ ಮುಖ ಬತ್ತಿದ ಕೆರೆ ಅಂಗಳ! ಆ ಗುಟ್ಟೇನು ಅಣ್ಣಾ?"

ಗುಟ್ಟು ಹೇಳ್ತೀನಿ ಕಣಪ್ಪಾ. ಆದರೆ ಅದಕ್ಕೂ ಮೊದಲು ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಈ ಅಂಕಣದಲ್ಲಿ ಬರೆಯೋಕೆ ಧೈರ್ಯ ಬಂದಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಇನ್ನು ಮುಚ್ಚಿಡೋದು ಪಾಪ ಅನ್ನಿಸಿತು.

ಮೊದಲು ಹೀರೋ ಮುಖದ ವಿಷಯ. ಅದೂ ಸುಲಿಯುತ್ತೆ ಮಿತ್ರರೇ! ದಿನಕ್ಕೆ ಎಂಟು-ಹತ್ತು ಗಂಟೆ ದೀಪದ ಶಾಖ, ಮೇಲೆ ಬಣ್ಣದ ಪದರ, ಅಂಟಿಸಿದ ಮೀಸೆ, ರಾತ್ರಿ ಉಜ್ಜಿ ತೆಗೆಯೋ ಕಷ್ಟ. ನೀವು ತೆರೆಯ ಮೇಲೆ ನೋಡೋದು ಬಣ್ಣ, ಬೆಳಕು, ಲೆನ್ಸು, ಮತ್ತು ಈಗೀಗ ಕಂಪ್ಯೂಟರಿನಲ್ಲಿ ಆಗೋ ತಿದ್ದುಪಡಿ. ಆ ಮುಖ ಚರ್ಮದ್ದಲ್ಲ, ಕಸುಬಿನದ್ದು. ಅದನ್ನು ನೋಡಿ ನಿಮ್ಮ ಚರ್ಮದ ಮೇಲೆ ಸಿಟ್ಟಾಗಬೇಡಿ.

ನಾನು ಸಹಾಯಕನಾಗಿ ಸೇರಿದ ಹೊಸತು. ಒಂದು ಹೊರಾಂಗಣ ಚಿತ್ರೀಕರಣದಲ್ಲಿ ಸೈನಿಕನ ಪಾತ್ರದ ಹುಡುಗನೊಬ್ಬನ ಮೀಸೆ ತೆಗೆಯೋ ಕೆಲಸ ನನ್ನದು. ಕತ್ತಲಾಗಿತ್ತು, ಊಟದ ವ್ಯಾನು ಬಂದಿತ್ತು. ಸ್ಪಿರಿಟ್ ಗಮ್ ನೆನೆಯೋವರೆಗೂ ಕಾಯದೆ ಸರ್ರನೆ ಎಳೆದುಬಿಟ್ಟೆ! ಮೀಸೆಯ ಜೊತೆ ತುಟಿ ಮೇಲಿನ ತೆಳು ಚರ್ಮವೂ ಬಂತು. ನಮ್ಮ ಮೇಷ್ಟ್ರು ಬೈಯಲಿಲ್ಲ. ಹತ್ತಿರ ಬಂದು, "ಬಣ್ಣ ಹಚ್ಚೋದು ಅರ್ಧ ವಿದ್ಯೆ ಕಣೋ, ನೋಯದ ಹಾಗೆ ತೆಗೆಯೋದು ಇನ್ನರ್ಧ" ಅಂದರು. ಆ ಹುಡುಗನ ಮುಖಕ್ಕೆ ಅವರು ಬೇರೇನೂ ಬಳಿಯಲಿಲ್ಲ. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ, ಒಂದು ಚೂರು ವ್ಯಾಸಲೀನ್ ಸವರಿ, "ನಾಲ್ಕು ದಿನ ಮುಟ್ಟಬೇಡ" ಅಂದರು. ಅಷ್ಟೇ! ವಾಸಿಯಾಯಿತು.

ಹಿಂದಿನ ಕಾಲದವರ ಪಾಡು ಇನ್ನೂ ದೊಡ್ಡದು. ಯಕ್ಷಗಾನದ ಚೌಕಿಯಲ್ಲಿ, ನಾಟಕ ಕಂಪನಿಗಳ ಬಣ್ಣದ ಕೋಣೆಯಲ್ಲಿ ಸಫೇದ, ಇಂಗಳೀಕ, ಅರದಾಳ ಇವೇ ಬಣ್ಣಗಳು. ಇಂಗಳೀಕದಲ್ಲಿ ಪಾದರಸ, ಅರದಾಳದಲ್ಲಿ ಪಾಷಾಣ! ಆದರೂ ಕಲಾವಿದರಿಗೆ ಒಂದು ಬುದ್ಧಿ ಇತ್ತು. ಬಣ್ಣಕ್ಕೆ ಮೊದಲು ಮುಖಕ್ಕೆ ಕೊಬ್ಬರಿ ಎಣ್ಣೆ, ತೆಗೆಯೋವಾಗಲೂ ಅದೇ ಎಣ್ಣೆ. ಹಾಲಿವುಡ್ಡಿನಲ್ಲೂ ಇದೇ ಕಥೆ. 'ದಿ ವಿಝರ್ಡ್ ಆಫ್ ಆಝ್' ಚಿತ್ರದ ತಗಡಿನ ಮನುಷ್ಯನ ಪಾತ್ರ ಬಡ್ಡಿ ಎಬ್ಸೆನ್ ಎಂಬ ನಟನಿಗೆ ಸಿಕ್ಕಿತ್ತು. ಮುಖಕ್ಕೆ ಬಳಿದ ಅಲ್ಯೂಮಿನಿಯಂ ಪುಡಿ ಉಸಿರಿನ ಜೊತೆ ಒಳಗೆ ಹೋಗಿ 1938ರಲ್ಲಿ ಆತ ಆಸ್ಪತ್ರೆ ಸೇರಿದ. ಪಾತ್ರ ಬೇರೆಯವನ ಪಾಲಾಯಿತು. ಬಣ್ಣಕ್ಕಾಗಿ ಪಾತ್ರ ಕಳೆದುಕೊಂಡವನು!

ಅಂಥವನೇ ಒಬ್ಬ ನನ್ನ ಮನೆಯಲ್ಲೂ ಇದ್ದಾನೆ.

2014ರ ಮಾತು. ನನ್ನ ಅಕ್ಕನ ಮಗ ತಿಪಟೂರಿನಿಂದ ಬೆಂಗಳೂರಿಗೆ ಬಂದ. ವಯಸ್ಸು ಇಪ್ಪತ್ತೊಂದು. ಎಣ್ಣೆಗಪ್ಪು ಮೈಬಣ್ಣ, ಕಂಚಿನ ಕಂಠ, ನಡೆದರೆ ತಿರುಗಿ ನೋಡೋ ಹಾಗಿದ್ದ. ಒಂದು ಚಿತ್ರದಲ್ಲಿ ನಾಯಕನ ಗೆಳೆಯನ ಪಾತ್ರ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಒಂದು ಸಂಜೆ ಬಂದು, "ಮಾಮ, ಸ್ವಲ್ಪ ಕಲರ್ ಬಂದರೆ ಕ್ಲೋಸಪ್ ಜಾಸ್ತಿ ಸಿಗುತ್ತಂತೆ" ಅಂದ.

ನಾನೇನು ಹೇಳಬೇಕಿತ್ತು? "ಲೋ, ಕಲರ್ ಇರೋದು ನನ್ನ ಪೆಟ್ಟಿಗೆಯಲ್ಲಿ, ಅದನ್ನು ನಿನ್ನ ಚರ್ಮದಲ್ಲಿ ಹುಡುಕಬೇಡ" ಅನ್ನಬೇಕಿತ್ತು. ಅನ್ನಲಿಲ್ಲ. ಸೆಟ್ಟಿನಲ್ಲಿ ಹತ್ತಾರು ಜನ ಹಚ್ಚಿಕೊಳ್ಳುತ್ತಿದ್ದ ಒಂದು ಟ್ಯೂಬನ್ನು ಮೆಡಿಕಲ್ ಶಾಪಿನಿಂದ ನಾನೇ ತಂದು ಕೊಟ್ಟೆ. ಅಂಗಡಿಯವನು ಡಾಕ್ಟರ್ ಚೀಟಿ ಕೇಳಲಿಲ್ಲ, ನಾನು ಟ್ಯೂಬಿನ ಹಿಂದೆ ಬರೆದಿದ್ದನ್ನು ಓದಲಿಲ್ಲ.

ಹತ್ತು ದಿನದಲ್ಲಿ ಮಾಯೆ! ಮುಖ ತಿಳಿಯಾಯಿತು, ಮೊಡವೆ ಅಡಗಿತು. ಹುಡುಗ ಕನ್ನಡಿ ಬಿಟ್ಟು ಕದಲಲಿಲ್ಲ. ಮೂರು ತಿಂಗಳು ಕಳೆಯಿತು. ದೀಪದ ಮುಂದೆ ನಿಂತರೆ "ಮಾಮ, ಮುಖ ಉರೀತಿದೆ" ಅನ್ನೋಕೆ ಶುರು. ಕೆನ್ನೆ ಮೇಲೆ ಕೆಂಪು ನರದ ಗೆರೆಗಳು, ಮೊದಲಿಗಿಂತ ಹೆಚ್ಚು ಮೊಡವೆ, ಬೇಡದ ಜಾಗದಲ್ಲಿ ಕೂದಲು. ಎರಡು ದಿನ ಹಚ್ಚೋದು ಬಿಟ್ಟ ನೋಡಿ, ಮುಖ ಕೆಂಡವಾಗಿ ಈರುಳ್ಳಿ ಸಿಪ್ಪೆಯ ಹಾಗೆ ಏಳೋಕೆ ಶುರುವಾಯಿತು. ಮತ್ತೆ ಹಚ್ಚಿದರೆ ತಂಪು, ಬಿಟ್ಟರೆ ಉರಿ. ಕುಡಿತದ ಚಟದ ಹಾಗೆ! ಚಿತ್ರೀಕರಣದ ದಿನ ಬಂತು. ನಾನು ಎಷ್ಟೇ ಬಣ್ಣ ಹಾಕಿದರೂ ಸಿಪ್ಪೆ ಎದ್ದ ಜಾಗದಲ್ಲಿ ಪೌಡರ್ ಸಿಕ್ಕಿಕೊಂಡು ಗೋಡೆ ಸುಣ್ಣದ ಹಾಗೆ ಕಾಣುತ್ತಿತ್ತು. ಛಾಯಾಗ್ರಾಹಕರು ತಲೆ ಅಲ್ಲಾಡಿಸಿದರು. ಪಾತ್ರ ಹೋಯಿತು.

ಅವನನ್ನು ಊರಿಗೆ ಬಿಡಲು ಹೋದಾಗ ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು. "ಊರಿನವರಿಗೆಲ್ಲ ಮುಖ ತಿದ್ದೋನು ನೀನು. ನನ್ನ ಮಗನ ಮುಖ ಹೀಗೆ ಮಾಡಿ ಕಳಿಸಿದೆಯಲ್ಲೋ" ಅಂದಳು. ಆ ಮಾತು ಈಗಲೂ ಕಿವಿಯಲ್ಲಿದೆ.

ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಆಕೆ ಟ್ಯೂಬ್ ತಿರುಗಿಸಿ ನೋಡಿ, "ಇದು ಮುಖಕ್ಕೆ ಹಚ್ಚೋ ಕ್ರೀಮಲ್ಲ ರೀ, ಸ್ಟೀರಾಯ್ಡ್!" ಅಂದರು. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ಇಸುಬಿಗೆ, ಅಲರ್ಜಿಗೆ ಡಾಕ್ಟರು ಇಂಥ ಜಾಗಕ್ಕೆ, ಇಷ್ಟು ದಿನ ಅಂತ ಲೆಕ್ಕ ಹಾಕಿ ಕೊಟ್ಟರೆ ಒಳ್ಳೆಯದೇ. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ, ಅದಕ್ಕೇ ಒಗ್ಗಿಕೊಂಡು ಬಿಡುತ್ತೆ. ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುಓಸಿನೊಲೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್ ಅಂತ ತಿಳಿಯಿರಿ. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಅಂತಲೂ ಸೇರಿದ್ದರೆ ಬಣ್ಣ ಕಳೆಯೋದು, ಸಿಪ್ಪೆ ಎಬ್ಬಿಸೋದು ಎರಡೂ ಅದರಲ್ಲಿದೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಅಂಗಡಿಯವನು ಕೊಟ್ಟರೂ ನೀವು ತಗೋಬೇಡಿ. ಇನ್ನು ಹೆಸರಿಲ್ಲದ, ಏನೇನು ಹಾಕಿದ್ದಾರೆ ಅಂತ ಪಟ್ಟಿಯೇ ಇಲ್ಲದ 'ಬಿಳುಪಿನ ಕ್ರೀಮು'ಗಳಲ್ಲಿ ಪಾದರಸ ಇರಬಹುದು. ಅದು ಮೂತ್ರಪಿಂಡಕ್ಕೇ ಕೈ ಹಾಕುತ್ತೆ. ಅಜ್ಜಂದಿರ ಕಾಲದ ಪಾದರಸ ಹೊಸ ಡಬ್ಬಿಯಲ್ಲಿ ವೇಷ ಬದಲಿಸಿ ಬಂದ ಹಾಗೆ!

"ಈಗೇನು ಹಚ್ಚಲಿ ಡಾಕ್ಟ್ರೇ?" ಅಂತ ನಮ್ಮ ಹುಡುಗ ಕೇಳಿದ. ಡಾಕ್ಟರಮ್ಮ ನಕ್ಕರು. "ಹಚ್ಚೋದು ಕಡಿಮೆ ಮಾಡಪ್ಪಾ. ಗೋಡೆ ಕಟ್ಟೋಕೆ ಸಮಯ ಕೊಡು."

ಗೋಡೆ ಅಂದರೆ ಏನು? ನಮ್ಮ ಚರ್ಮದ ತೀರಾ ಮೇಲಿನ ಪದರ ಇಟ್ಟಿಗೆ ಗೋಡೆ ಇದ್ದ ಹಾಗೆ. ಒಣಗಿದ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಈ ಗೋಡೆ ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನ ವಿಷ ಒಳಗೆ ಬರದ ಹಾಗೆ ಕಾಯುತ್ತೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಚರ್ಮ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತೆ, ಹಳೆಯದು ಕಣ್ಣಿಗೆ ಕಾಣದಷ್ಟು ಸಣ್ಣಗೆ ಉದುರುತ್ತೆ. ಗಾರೆ ಹೋದಾಗ ಮಾತ್ರ ಇಟ್ಟಿಗೆಗಳು ಗುಂಪಾಗಿ ಏಳುತ್ತವೆ. ಅದೇ ನೀವು ನೋಡೋ ಸಿಪ್ಪೆ! ಅದನ್ನು ಉಜ್ಜಿ ಕಿತ್ತರೆ ಹಸಿ ಗೋಡೆಯನ್ನೇ ಕೆಡವಿದ ಹಾಗೆ.

ಅಕ್ಕನ ಮನೆಯಲ್ಲಿ ಆರು ತಿಂಗಳು ನಡೆದ ಉಪಚಾರವನ್ನು ಹಾಗೇ ಹೇಳ್ತೀನಿ, ಕೇಳಿ. ಖರ್ಚು ಕಡಿಮೆ, ತಾಳ್ಮೆ ಜಾಸ್ತಿ.

ಒಂದು, ನಿಲ್ಲಿಸೋದು. ಉರಿ, ಸಿಪ್ಪೆ ಶುರುವಾದ ದಿನವೇ ಹೊಸ ಕ್ರೀಮು, ಸ್ಕ್ರಬ್ಬು, ಸೆಂಟು, ಆಫ್ಟರ್‌ಶೇವ್ ಎಲ್ಲಕ್ಕೂ ರಜೆ. ಸ್ಟೀರಾಯ್ಡ್ ತಿಂಗಳುಗಟ್ಟಲೆ ಹಚ್ಚಿದವರು ಮಾತ್ರ ನಿಲ್ಲಿಸೋದು ಹೇಗೆ ಅಂತ ಡಾಕ್ಟರನ್ನೇ ಕೇಳಬೇಕು. ನಿಲ್ಲಿಸಿದಾಗ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ ಮುಖ ಕೆರಳುತ್ತೆ. ಹೆದರಿ ಮತ್ತೆ ಅದೇ ಟ್ಯೂಬಿಗೆ ಕೈ ಹಾಕಬಾರದು.

ಎರಡು, ಸ್ನಾನ. ಹಂಡೆಯ ಕುದಿಯೋ ನೀರು ಬೇಡ. ಮೈಗೆ ಹಿತವಾದ ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ ಸಾಕು. ಸಾಮಾನ್ಯ ಸೋಪಿನ ಪಿಎಚ್ 9-10ರ ಆಸುಪಾಸು, ಚರ್ಮದ್ದು 5ರ ಆಸುಪಾಸು. ಎರಡಕ್ಕೂ ಎಣ್ಣೆ-ಸೀಗೇಕಾಯಿ ಸಂಬಂಧ! ಸುಲಿಯೋ ಮುಖಕ್ಕೆ ವಾಸನೆ ಇಲ್ಲದ ಸೌಮ್ಯ ಕ್ಲೆನ್ಸರ್ ದಿನಕ್ಕೆ ಒಂದೆರಡು ಸಲ, ಉಳಿದಂತೆ ಬರೀ ನೀರು. ಬೋರ್‌ವೆಲ್ಲಿನ ಗಡಸು ನೀರಿನ ಊರಿನವರು ಸೋಪಿನ ಅಂಟು ಉಳಿಯದ ಹಾಗೆ ಚೆನ್ನಾಗಿ ತೊಳೆಯಬೇಕು. ಟವಲ್ಲಿನಲ್ಲಿ ಉಜ್ಜಬೇಡಿ, ಮಗುವಿನ ಮೈ ಒರೆಸಿದ ಹಾಗೆ ಒತ್ತಿ.

ಮೂರು, ಜಿಡ್ಡು. ಮುಖ ಇನ್ನೂ ಸ್ವಲ್ಪ ಹಸಿ ಇರುವಾಗಲೇ, ಎರಡು-ಮೂರು ನಿಮಿಷದೊಳಗೆ, ವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ. 1872ರಲ್ಲಿ ಅಮೆರಿಕದ ಚೀಸ್‌ಬ್ರೋ ಎಂಬಾತ ಪೇಟೆಂಟ್ ಪಡೆದ ಈ ಹಳೇ ಸರಕು ಚರ್ಮದ ನೀರು ಆರದ ಹಾಗೆ ತಡೆಯೋದರಲ್ಲಿ ಇವತ್ತಿಗೂ ಮುಂದೆ. ಮುಖಕ್ಕೆಲ್ಲ ಒಂದು ಕಡಲೆಕಾಳಿನಷ್ಟು ಸಾಕು. ಬೀಡಿ-ಸಿಗರೇಟು ಸೇದುವವರು ಜೋಕೆ! ಇಂಥ ಜಿಡ್ಡು ನೆನೆದ ಬಟ್ಟೆ, ದಿಂಬಿನ ಚೀಲಕ್ಕೆ ಕಿಡಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತೆ.

ತಿಪಟೂರಿನವಳಾದ ಅಕ್ಕ ಕೊಬ್ಬರಿ ಎಣ್ಣೆ ಬಿಟ್ಟಾಳೆಯೇ? ಡಾಕ್ಟರಮ್ಮ ಹೇಳಿದ್ದು: ಕೈಕಾಲಿನ ಒಣ ಚರ್ಮಕ್ಕೆ ಧಾರಾಳವಾಗಿ ಹಚ್ಚಿ, ಮೊಡವೆ ಇರೋ ಮುಖಕ್ಕೆ ಬೇಡ, ರಂಧ್ರ ಕಟ್ಟಿಕೊಳ್ಳುತ್ತೆ.

ನಾಲ್ಕು, ಬಿಸಿಲು. ತೆಳ್ಳಗಾದ ಚರ್ಮಕ್ಕೆ ಬಿಸಿಲು ಶತ್ರು. ಟೋಪಿ ಹಾಕಿ, ನೆರಳು ಹಿಡಿದು ನಡೆಯಿರಿ. ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಝಿಂಕ್ ಆಕ್ಸೈಡ್ ಇರೋ ಸನ್‌ಸ್ಕ್ರೀನ್ ಸೂಕ್ಷ್ಮ ಚರ್ಮಕ್ಕೆ ಹೊಂದುತ್ತೆ. ಈ ಝಿಂಕ್ ಆಕ್ಸೈಡ್ ಯಾವುದು ಗೊತ್ತೇ? ನಾಟಕದವರ ಸಫೇದವೇ! ಹಾಗಂತ ಬಣ್ಣದಂಗಡಿಯ ಪುಡಿ ತಂದು ಬಳಿದುಕೊಂಡೀರಿ, ಹುಷಾರ್!

ಐದು, ಗಡ್ಡ. ಸಿಪ್ಪೆ ಇರುವಷ್ಟು ದಿನ ಶೇವ್ ಬಿಟ್ಟುಬಿಡಿ. ಗಡ್ಡದ ಹೀರೋಗಳ ಕಾಲ, ಯಾರೂ ಏನೂ ಅನ್ನಲ್ಲ! ಮಾಡಲೇಬೇಕಾದರೆ ಟ್ರಿಮ್ಮರ್, ಇಲ್ಲವೇ ಸ್ನಾನವಾದ ಮೇಲೆ ಹೊಸ ಬ್ಲೇಡಿನಲ್ಲಿ ಕೂದಲು ಬೆಳೆದ ದಿಕ್ಕಿಗೆ ಎಳೆಯಿರಿ. ಮೇಲೆ ಸ್ಫಟಿಕ ಉಜ್ಜಬೇಡಿ. ಗಡ್ಡಕ್ಕೆ ಹಚ್ಚೋ ಕಪ್ಪು ಡೈಯಲ್ಲಿರೋ ಪ್ಯಾರಾ-ಫೆನಿಲೀನ್-ಡೈಅಮೀನ್ ಕೆಲವರಿಗೆ ಭಾರೀ ಅಲರ್ಜಿ. ಡೈ ಹಚ್ಚಿದ ಎರಡು-ಮೂರು ದಿನದಲ್ಲಿ ಕೆನ್ನೆ ತುರಿಸಿ ಸುಲಿದರೆ ಅದರ ಮೇಲೇ ಅನುಮಾನ ಪಡಿ.

ಆರು, ಪರೀಕ್ಷೆ. ಹೊಸದೇನೇ ತಂದರೂ ಮೊದಲು ಮೊಣಕೈ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಅಲ್ಲಿ ಕೆರೆತವಿಲ್ಲ ಅಂದರೆ ಮುಖಕ್ಕೆ. ಹೊಸ ಕಲಾವಿದರಿಗೆ ಬಣ್ಣ ಹಾಕೋ ಮೊದಲು ನಾನು ಈಗ ತಪ್ಪದೆ ಕೇಳೋ ಮೊದಲ ಮಾತು ಇದೇ.

ಇನ್ನು ಕಾಗದದಲ್ಲಿ ಬಂದ 'ಮನೆಮದ್ದು'ಗಳು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಕೂರಬಹುದು. ಟೂತ್‌ಪೇಸ್ಟು ಹಲ್ಲಿಗೆ, ಅಡುಗೆ ಸೋಡ ಬೋಂಡಾ ಹಿಟ್ಟಿಗೆ! ಸಕ್ಕರೆ-ರವೆ ಹಾಕಿ ತಿಕ್ಕೋದು ಪಾತ್ರೆಗೆ ಸರಿ, ಮುಖಕ್ಕಲ್ಲ.

ನಾಳೆ ಹೆಣ್ಣು ನೋಡೋ ಶಾಸ್ತ್ರ, ಇಲ್ಲವೇ ಇಂಟರ್‌ವ್ಯೂ, ಇವತ್ತು ಮುಖ ಸುಲಿದಿದೆ. ಏನು ಮಾಡೋದು? ಕಸುಬಿನ ಗುಟ್ಟು ಹೇಳ್ತೀನಿ. ಪೌಡರ್ ಮುಟ್ಟಬೇಡಿ, ಅದು ಸಿಪ್ಪೆಯನ್ನು ಎತ್ತಿ ತೋರಿಸುತ್ತೆ. ಮುಖ ತೊಳೆದು, ಮಾಯಿಶ್ಚರೈಸರ್ ಸವರಿ, ಹತ್ತು ನಿಮಿಷ ಬಿಟ್ಟು, ಮೆತ್ತನೆ ಬಟ್ಟೆಯಲ್ಲಿ ಹೆಚ್ಚಿನ ಜಿಡ್ಡು ಒತ್ತಿ ತೆಗೆಯಿರಿ. ಮಲಗಿದ ಸಿಪ್ಪೆ ಅರ್ಧಕ್ಕರ್ಧ ಕಾಣೋದಿಲ್ಲ.

ಎಲ್ಲ ಸಿಪ್ಪೆಯೂ ಒಂದೇ ಅಲ್ಲ ಅನ್ನೋದು ನೆನಪಿರಲಿ. ಮೂಗಿನ ಪಕ್ಕ, ಹುಬ್ಬಿನಲ್ಲಿ ಜಿಡ್ಡು ಹೊಟ್ಟು ಉದುರಿದರೆ ಅದು ತಲೆಹೊಟ್ಟಿನ ತಮ್ಮ, ಅದಕ್ಕೆ ಬೇರೆ ಔಷಧಿ ಇದೆ. ಉಂಗುರದ ಹಾಗೆ ಅಂಚು ಕೆಂಪಾಗಿ ಹರಡಿದರೆ ಹುಳುಕಡ್ಡಿ. ಅದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಎರಡು ವಾರ ಈ ಉಪಚಾರ ಮಾಡಿಯೂ ತಗ್ಗದಿದ್ದರೆ, ಕೀವು, ಜ್ವರ, ನೀರುಗುಳ್ಳೆ, ಕಣ್ಣಿನ ಸುತ್ತ ಊತ ಕಂಡರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಯಾವುದಾದರೂ ಹೊಸ ಮಾತ್ರೆ ನುಂಗಿದ ಮೇಲೆ ಮೈ ಸುಲಿದು, ಬಾಯಿ-ಕಣ್ಣಲ್ಲಿ ಹುಣ್ಣೆದ್ದರೆ ಒಂದು ಗಂಟೆಯೂ ತಡ ಮಾಡಬೇಡಿ, ಸೀದಾ ದೊಡ್ಡಾಸ್ಪತ್ರೆಗೆ!

ಬಿಳುಪಿನ ಹುಚ್ಚು ಹಿಡಿದ ತಮ್ಮಂದಿರಿಗೆ ಕೊನೆಯ ಮಾತು. ನೀವು ಈ ಪತ್ರಿಕೆ ಕೊಳ್ಳೋದು ಬಸ್ ಸ್ಟ್ಯಾಂಡಿನಲ್ಲಿ. ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಪ್ಪು ಮೈಬಣ್ಣದ ಕಂಡಕ್ಟರೊಬ್ಬರು 1975ರಲ್ಲಿ ಬಾಲಚಂದರ್ ಅವರ 'ಅಪೂರ್ವ ರಾಗಂಗಳ್'ನಲ್ಲಿ, 1976ರಲ್ಲಿ ನಮ್ಮ ಪುಟ್ಟಣ್ಣನವರ 'ಕಥಾ ಸಂಗಮ'ದಲ್ಲಿ ಬಂದರು. ಆಮೇಲೆ ರಜನೀಕಾಂತ್ ಆದದ್ದು ಯಾವ ಟ್ಯೂಬಿನಿಂದ, ಹೇಳಿ ನೋಡೋಣ!

ನನ್ನ ಅಕ್ಕನ ಮಗನ ಮುಖ ಆರು ತಿಂಗಳಲ್ಲಿ ತಿಳಿಯಾಯಿತು. ಪೂರ್ತಿ ಮೊದಲಿನಂತಾಗಲು ಒಂದು ವರ್ಷ ಹಿಡಿಯಿತು. ಕೆನ್ನೆಯ ಒಂದೆರಡು ಕೆಂಪು ಗೆರೆ ಮಾತ್ರ ಉಳಿದೇಬಿಟ್ಟವು. ಸಿನಿಮಾ ಕಡೆ ಅವನು ಮತ್ತೆ ತಲೆ ಹಾಕಲಿಲ್ಲ. ಈಗ ಕೊಬ್ಬರಿ ವ್ಯಾಪಾರ ಮಾಡ್ತಾನೆ, ಊರ ಹವ್ಯಾಸಿ ತಂಡದಲ್ಲಿ ವರ್ಷಕ್ಕೊಂದು ನಾಟಕ ಆಡ್ತಾನೆ. ಹೋದ ವರ್ಷ ಅವನ ದುರ್ಯೋಧನನಿಗೆ ಬಣ್ಣ ಹಾಕೋಕೆ ನಾನೇ ಹೋಗಿದ್ದೆ. ಅವನ ಎಣ್ಣೆಗಪ್ಪಿಗೆ ತಕ್ಕ ಬಣ್ಣ ಕಲಸಿದೆ, ಒಂದು ಚೂರೂ ಬಿಳುಪು ಮಾಡಲಿಲ್ಲ. ನಾಟಕ ಮುಗಿದ ಮೇಲೆ ಮೀಸೆ ತೆಗೆಯೋಕೆ ಕೂತಾಗ ಕಣ್ಣು ಮುಚ್ಚಿಕೊಂಡು, "ಮಾಮ, ನಿಧಾನ" ಅಂದ.

ಗಮ್ ಪೂರ್ತಿ ನೆನೆಯೋವರೆಗೂ ಕಾದೆ. ಇಪ್ಪತ್ತು ನಿಮಿಷ ಹಿಡಿಯಿತು. ಹಿಡಿಯಲಿ ಬಿಡಿ.

ಮುಂದಿನ ವಾರ: ಬೆವರಿಗೆ ಕರಗದ ಬಣ್ಣ, ಬೇಸಿಗೆಯ ಹೊರಾಂಗಣದ ಪಾಡು. ಅಲ್ಲಿಯವರೆಗೂ ಕನ್ನಡಿ ಕಡಿಮೆ ನೋಡಿ, ಸಿನಿಮಾ ಜಾಸ್ತಿ ನೋಡಿ!